ಅವಧಿಗೆ ಮುನ್ನ ವಾಸಿಯಾದ ಕಾಲು

ಮಾನ್ವಿ ತಾಲೂಕಿನ ಮಲ್ಲಟ ಗ್ರಾಮದ ಕುರಿಗಾಹಿ ಅಂಬಣ್ಣನ ಬಲಗಾಲು, ಪ್ರಕರಣ ಇತ್ಯರ್ಥವಾಗುವ ಮೊದಲೇ, ಯಾರ ಅನುಮತಿಯನ್ನೂ ಪಡೆಯದೆ ವಾಸಿಯಾಯಿತು. ಪೋತ್ನಾಳದ ಬಳಿ ಜೀಪೊಂದು ಹಾಯ್ದು ಆ ಕಾಲು ಎರಡು ಕಡೆ ಮುರಿದಿತ್ತು. ಜೀಪಿನ ವಿಮಾ ಕಂಪನಿಯ ಮೇಲೆ ರಾಯಚೂರಿನ ಕೋರ್ಟಿನಲ್ಲಿ ಪರಿಹಾರದ ಅರ್ಜಿ ಹಾಕಲಾಗಿತ್ತು. ಕಾಲು ಇದಾವುದನ್ನೂ ಲೆಕ್ಕಿಸದೆ ಎಂಟೇ ತಿಂಗಳಲ್ಲಿ ಕೂಡಿಕೊಂಡಿತು.

ಅಂಬಣ್ಣ ಖುಷಿಯಿಂದ, ನೆಟ್ಟಗೆ ನಡೆದುಕೊಂಡೇ ತನ್ನ ವಕೀಲ ಚನ್ನವೀರರ ಕಚೇರಿಗೆ ಹೋದ. ವಕೀಲರು ಎದ್ದು ಬಾಗಿಲು ಹಾಕಿದರು.

"ಯಾರರ ನೋಡ್ಯಾರೇನು?"

"ಎಲ್ಲಾರೂ ನೋಡ್ಯಾರ್ರೀ. ಬಸ್‌ಸ್ಟ್ಯಾಂಡಿಂದ ನಡಕೋಂತ ಬಂದೀನಿ."

"ಅಂಬಣ್ಣಾ, ಮುರಿದಾಗ ಎಷ್ಟು ನೋವಾತು ಅಂತ ಕೋರ್ಟು ಒಂದು ಮಾತು ಕೇಳ್ತದ. ಇನ್ನ ಎಷ್ಟು ಕುಂಟ್ತೀ ಅಂತ ಹತ್ತು ಮಾತು ಕೇಳ್ತದ. ಅರ್ಜಿಯೊಳಗ ಶಾಶ್ವತ ಅಂತ ಬರದೀವಿ. ತೀರ್ಪು ಬರೂತನಕ ಕುಂಟು. ಕಂಪನಿಯವರು ಫೋಟೊ ಹೊಡ್ಯಾಕ ಮಂದಿ ಇಟ್ಟಾರ."

ಅಂಬಣ್ಣನಿಗೆ ಇನ್ನೊಂದು ತೊಡಕಿತ್ತು. ಕಾಲು ಸರಿಯಾದರೆ ದೇವದುರ್ಗದ ಕಡೆಯ ಗುಡ್ಡದ ಬೀರಪ್ಪನಿಗೆ ಬರಿಗಾಲಲ್ಲಿ ನಡೆದು ಹೋಗಿ ಕರಿ ಕಂಬಳಿ ಹೊದಿಸುವುದಾಗಿ ಹರಕೆ ಹೊತ್ತಿದ್ದ. ಹೋದರೆ ಫೋಟೊ, ಹೋಗದಿದ್ದರೆ ಬೀರಪ್ಪ. ವಕೀಲರು ಕೂಡಲೇ ಕಾಲಾವಕಾಶ ಕೋರುವ ಅರ್ಜಿಯೊಂದನ್ನು ಬರೆದು, ಪ್ರತಿವಾದಿ ಎಂಬಲ್ಲಿ ಶ್ರೀ ಬೀರಪ್ಪ ಎಂದು ತುಂಬಿದರು. ಗುಡ್ಡದ ಪೂಜಾರಿ ಸಾಬಣ್ಣ ಅದನ್ನು ದೇವರ ಮುಂದಿಟ್ಟು ಹೂ ಕೇಳಿದ. ಮೂರನೆಯ ಸಲ ಹೂ ಬಲಕ್ಕೆ ಬಿದ್ದು ಅಪ್ಪಣೆಯಾಯಿತು. ಮೊದಲೆರಡು ಸಲ ಎಡಕ್ಕೆ ಬಿದ್ದದ್ದನ್ನು ತಾಂತ್ರಿಕ ದೋಷವೆಂದು ಪರಿಗಣಿಸಲಾಯಿತು.

ಅಂಬಣ್ಣ ಆರು ವರ್ಷ ಕುಂಟಿದ. ಅಭ್ಯಾಸ ತಪ್ಪಬಾರದೆಂದು ಮನೆಯೊಳಗೂ ಕುಂಟಿದ. ಕುರಿಗಳ ಹಿಂದೆ ಓಡುವುದು ಹೆಂಡತಿ ಯಮನಮ್ಮನ ಪಾಲಿಗೆ ಬಂತು. ಕಂಪನಿಯ ವಕೀಲರು ಮೂವತ್ತೊಂದು ಸಲ ವಾಯಿದೆ ಕೇಳಿದರು, ಚನ್ನವೀರರು ಮೂವತ್ತು ಸಲ. ಇದರಲ್ಲಿ ಯಾರಿಗೂ ಪಕ್ಷಪಾತ ಕಾಣಲಿಲ್ಲ.

ಕೊನೆಗೆ ತೀರ್ಪು ಬಂತು. ಶೇಕಡ ನಲವತ್ತು ಶಾಶ್ವತ ಅಂಗವೈಕಲ್ಯ.

ಕೋರ್ಟಿನ ಮೆಟ್ಟಿಲಿಳಿದ ಮೇಲೆ ವಕೀಲರು ಅವನ ಬೆನ್ನು ತಟ್ಟಿದರು. "ಇನ್ನ ನೆಟ್ಟಗ ನಡಿ. ಬೀರಪ್ಪಗ ಹೋಗಿ ಬಾ."

ಅಂಬಣ್ಣ ಒಂದು ಹೆಜ್ಜೆ ಇಟ್ಟ. ಮತ್ತೊಂದು ಇಟ್ಟ. ಬೆವರಿದ.

"ಬರವಲ್ದರೀ ಸಾಹೇಬ್ರ. ಖರೇನ ಕುಂಟಾಕತ್ತದ."

ಹಿಂದೆ ಶಾಶ್ವತವೆಂದು ಬರೆದುಕೊಟ್ಟಿದ್ದ ಡಾಕ್ಟರೇ ಈ ಸಲ ಕಾಲು ಮುಟ್ಟಿಯೂ ನೋಡಿದರು. ಸ್ನಾಯು ಗಿಡ್ಡಾಗಿದೆ, ಇನ್ನು ಹೀಗೇ ಎಂದರು. ಯಮನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ವಕೀಲರ ಗುಮಾಸ್ತನಾದ ನನಗೂ ಕೆಟ್ಟದೆನಿಸಿತು, ಆದರೆ ಅದು ದಾಖಲೆಗೆ ಬರುವಂಥದ್ದಲ್ಲ.

"ಇದಕ್ಕೂ ಒಂದು ಕೇಸು ಹಾಕ್ರಿ ಯಪ್ಪಾ," ಎಂದಳು ಆಕೆ.

"ಬರಂಗಿಲ್ಲವ್ವಾ," ಎಂದರು ವಕೀಲರು. "ಈ ಕುಂಟಿಗಿ ಆಗಲೇ ತೀರ್ಪು ಆಗ್ಯಾದ. ಆದ್ರ ಸಮಾಧಾನ ಮಾಡ್ಕೋ, ನಾವು ಕೋರ್ಟಿಗಿ ಸುಳ್ಳು ಹೇಳಿದಂಗ ಆಗಲಿಲ್ಲ."

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಕಾಲು ಸರಿಯಾಗದ ಕಾರಣ ಹರಕೆಯೂ ರದ್ದಾಗಿದೆ ಎಂದು ಸಾಬಣ್ಣ ತಿಳಿಸಿದ. ಆ ಕಂಬಳಿಯನ್ನು ಅಂಬಣ್ಣ ತಾನೇ ಹೊದ್ದು ಅಂಗಳದಲ್ಲಿ ಕೂತಿರುತ್ತಾನೆ. ಕಾಲು ಬೇಗ ಕೂಡಿಕೊಂಡ ಕಕ್ಷಿದಾರರನ್ನು ಚನ್ನವೀರರು ಈಗ ಅವನ ಬಳಿಗೇ ಕಳಿಸುತ್ತಾರೆ. ಅಂಬಣ್ಣ ಮನಸ್ಸಿಟ್ಟು ಕಲಿಸುತ್ತಾನೆ.