ಬಾಹಾ ಅಂಟಿಸಿದ ಬಾಲ

ಆ ಬೆಳಿಗ್ಗೆ ಬಾಹಾ ಒಂದು ಸೀನು ಸೀನಿದ. ಕೈಯಲ್ಲಿದ್ದ ಉಳಿ ಜಾರಿತು. ಎಷ್ಟೋ ದಿನದಿಂದ ಕಲ್ಲಿನೊಳಗಿಂದ ಬಿಡಿಸುತ್ತ ಬಂದಿದ್ದ ಟ್ರೈಲೋಬೈಟ್ ಎಂಬ, ಕಲ್ಲಾಗಿಹೋದ ಹಳೇ ಕಾಲದ ಕಡಲಹುಳುವಿನ ಬಾಲ ಪುಡಿಪುಡಿಯಾಗಿ ಹಾರಿಹೋಯಿತು. ಮೂಗಿನ ಮೇಲೆ ಮೂರು ಕವಲಿನ ಕೊಂಬಿದ್ದ ಚೆಂದದ ಹುಳು ಅದು. ಬಾಲ ಹೋದ ಮೇಲೆ ಮೋಟು ಪೊರಕೆಯ ಹಾಗೆ ಕಂಡಿತು.

ಮರಳುಗಾಡಿನ ಅಲ್ನಿಫ್ ಊರಿನ ರಸ್ತೆಯುದ್ದಕ್ಕೂ ಇಂಥ ಕಲ್ಲುಹುಳುಗಳನ್ನು ಮಾರುವ ಅಂಗಡಿಗಳೇ. ಬಾಹಾನ ಅಂಗಡಿಯ ಮೇಲೆ ಮಾತ್ರ ‘ಇಲ್ಲಿ ಎಲ್ಲವೂ ಅಸಲಿ’ ಎಂಬ ಬೋರ್ಡಿತ್ತು. ಅದು ಸುಳ್ಳೂ ಅಲ್ಲ. ನಕಲಿ ಮಾರುವ ಧೈರ್ಯ ಅವನಿಗೆ ಯಾವತ್ತೂ ಬಂದಿರಲಿಲ್ಲ. ಆದರೆ ಅಂದು ಆ ತಲೆಯನ್ನು ಎಸೆಯಲು ಮನಸ್ಸು ಬಾರದೆ, ಚೂರುಗಳ ಬುಟ್ಟಿಯಿಂದ ಬೇರೆ ಯಾವುದೋ ಹುಳುವಿನ ಕವಲು ಬಾಲವೊಂದನ್ನು ಹುಡುಕಿ, ಅಂಟಿಗೆ ಕಲ್ಲಿನ ಪುಡಿ ಕಲಸಿ ಸೇರಿಸಿದ. ಮಾರಲಿಕ್ಕಲ್ಲ, ಸುಮ್ಮನೆ ನೋಡಲಿಕ್ಕೆ. ನೋಡಿದರೆ ಅಸಲಿಗಿಂತ ಚೆನ್ನಾಗಿತ್ತು. ಒಣಗಲಿ ಎಂದು ಬಿಸಿಲಿಗಿಟ್ಟು ಚಹಾ ಕುದಿಸಲು ಒಳಗೆ ಹೋದ.

ಚಹಾದ ಕೆಟಲು ಹಿಡಿದು ಹೊರಬಂದಾಗ ಹೆಂಗಸೊಬ್ಬಳು ಕಣ್ಣಿಗೆ ಭೂತಗನ್ನಡಿ ಒತ್ತಿಕೊಂಡು ಆ ಹುಳುವಿನ ಮೇಲೆ ಬಗ್ಗಿದ್ದಳು. ಮರಾಕೇಶಿನ ವಿಶ್ವವಿದ್ಯಾಲಯದ ಡಾಕ್ಟರ್ ನಜ್ವಾ. ಪ್ರತಿವರ್ಷ ಈ ಗುಡ್ಡಗಳಿಗೆ ಬರುವವಳು, ಊರವರೆಲ್ಲ ಗೌರವದಿಂದ ‘ಲಲ್ಲಾ’ ಎಂದು ಕರೆಯುವವಳು, ಯಾವತ್ತೂ ಸಲಾಂ ಮರೆಯದವಳು. ಇಂದು ಮರೆತಿದ್ದಳು.

“ಇದು ಎಲ್ಲಿ ಸಿಕ್ತು?” ತಲೆ ಎತ್ತದೆ ಕೇಳಿದಳು.

ಬಾಹಾ ನಿಜ ಹೇಳಲೆಂದೇ ಬಾಯಿ ತೆರೆದ. ಅಷ್ಟರಲ್ಲಿ ತನ್ನದೇ ಬೋರ್ಡು ಕಣ್ಣಿಗೆ ಬಿತ್ತು. ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಆ ಬಾಯಿಯ ಕೆಲಸವನ್ನು ಪಕ್ಕದ ಅಂಗಡಿಯ ಸೆಕ್ಕು ಮಾಡಿದ. ತನ್ನ ಮನೆಯ ಗಡಿಗೆ ತಳ ಹತ್ತಿದರೂ ಪಕ್ಕದ ಮನೆಯ ಸಾರಿನ ಉಪ್ಪು ನೋಡುವ ಜಾತಿ ಅವನದು.

“ಆ ಕರೀ ದಿಣ್ಣೆಯಲ್ಲಿ, ಲಲ್ಲಾ. ನಾನೂ ಜೊತೇಲಿದ್ದೆ.”

ನಜ್ವಾ ಕಲ್ಲಕಟ್ಟೆಯ ಮೇಲೆ ಕುಳಿತುಬಿಟ್ಟಳು. ಈ ಮರಳುಗಾಡು ಸಮುದ್ರವಾಗಿದ್ದ ಕಾಲದಲ್ಲಿ, ಸುಮಾರು ನಲವತ್ತು ಕೋಟಿ ವರ್ಷಗಳ ಹಿಂದೆ, ಮೂರು ಕೊಂಬಿನವು ಒಂದು ಕುಲ, ಕವಲು ಬಾಲದವು ಇನ್ನೊಂದು ಕುಲ. ಎರಡಕ್ಕೂ ಒಬ್ಬನೇ ಮೂಲಪುರುಷ ಇದ್ದಿರಬೇಕು ಎಂದು ಅವಳು ಬರೆದಾಗ ಜೊತೆಯವರೆಲ್ಲ ನಕ್ಕಿದ್ದರಂತೆ. ಈಗ ಆ ಮೂಲಪುರುಷನೇ ಬಾಹಾನ ಅಂಗಡಿಯಲ್ಲಿ ಬಿಸಿಲು ಕಾಯಿಸುತ್ತಿದ್ದಾನೆ. ಅದಕ್ಕೆ ಬಾಹಾನ ಹೆಸರನ್ನೇ ಇಡುತ್ತೇನೆ ಎಂದಳು.

ಸುದ್ದಿ ಕೇಳಿ ಹೆಂಡತಿ ತೂದಾ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು. ಮದುವೆಯಾದಂದಿನಿಂದ ಬಾಹಾನನ್ನು ಕತ್ತೆಗೆ ಹೋಲಿಸುತ್ತ, ಆಮೇಲೆ ಕತ್ತೆಯ ಕ್ಷಮೆ ಕೇಳುತ್ತ ಬಂದವಳು ಅಂದು ಎಲ್ಲರೆದುರು ಅವನ ಮುಂಡಾಸು ಸರಿಮಾಡಿದಳು. ಬೋರ್ಡಿಗಿಂತ ಗಟ್ಟಿಯಾಗಿ ಬಾಹಾನ ಬಾಯಿ ಕಟ್ಟಿದ್ದು ಆ ಕೈ.

ಸ್ವಲ್ಪ ಹೊತ್ತಿನಲ್ಲೇ ಹಾರೆ ಗುದ್ದಲಿಗಳ ಸಮೇತ ಅರ್ಧ ಊರು ನಜ್ವಾಳ ವ್ಯಾನು ಹತ್ತಿತು. ಬಾಹಾನ ಹುಳು ಅವಳ ಮಡಿಲೇರಿತು. ದಾರಿಯಲ್ಲಿ ಬಾಹಾ ಧೈರ್ಯ ಮಾಡಿ ನಜ್ವಾಳ ಕಿವಿಯ ಹತ್ತಿರ ಹೋದ.

“ಲಲ್ಲಾ, ಆ ಬಾಲ ಇದೆಯಲ್ಲ...”

“ಬಾಲದ್ದೇ ಕಣಪ್ಪಾ ವಿಷಯ,” ಎಂದಳು ಅವಳು. ಕಣ್ಣಲ್ಲಿ ನೀರಿತ್ತು. ಬಾಹಾ ಹಿಂದೆ ಸರಿದ.

ಕರೀ ದಿಣ್ಣೆಯಲ್ಲಿ ಒಂದು ಚಿಪ್ಪೂ ಸಿಗುವುದಿಲ್ಲವೆಂದು ಊರಿನವರು ಅದರ ಕಡೆ ತಲೆಯಿಟ್ಟೂ ಮಲಗುತ್ತಿರಲಿಲ್ಲ. ಸೆಕ್ಕು ಅದರ ಹೆಸರು ಹೇಳಿದ್ದು ನಾಲಿಗೆಗೆ ಮೊದಲು ಬಂದದ್ದರಿಂದ ಅಷ್ಟೇ. ಯಾವ ಜಾಗ ಎಂದು ಎಲ್ಲರೂ ಕೇಳಿದಾಗ, ಅಗೆಯುವವರಿಗೆ ನೆರಳಾದರೂ ಸಿಗಲಿ ಎಂದು ಬಾಹಾ ಬಂಡೆಯೊಂದರ ಬುಡ ತೋರಿಸಿದ. ಬಿಸಿಲು ನೆತ್ತಿಗೇರಿತು. ಸಿಕ್ಕಿದ್ದು ಒಂದು ಚೇಳು, ಅದೂ ಜೀವಂತ.

ನಜ್ವಾಳಿಗೆ ಬೇಸರವೇನೂ ಆಗಲಿಲ್ಲ. ಇರುವುದೊಂದೇ ಸಾಕು, ಪ್ರಯೋಗಶಾಲೆಯಲ್ಲಿ ಬಾಲದ ಬುಡವನ್ನು ತೆಳ್ಳಗೆ ಕೊಯ್ದು ನೋಡುತ್ತೇನೆ ಎಂದಳು. ಬಾಹಾನಿಗೆ ತನ್ನ ಬಾಲದ ಬುಡವನ್ನೇ ಕೊಯ್ದಂತಾಯಿತು.

“ಅದನ್ನ ದೇವರು ಮಾಡಿದ್ದಲ್ಲ, ಲಲ್ಲಾ,” ಎಂದ. “ನಾನು ಮಾಡಿದ್ದು. ತಲೆ ಒಂದರದ್ದು, ಬಾಲ ಇನ್ನೊಂದರದ್ದು.”

ಯಾರೂ ನಂಬಲಿಲ್ಲ. ಜಾಗ ಮುಚ್ಚಿಡಲು ನಾಟಕ ಆಡುತ್ತಿದ್ದಾನೆ ಎಂದ, ಅಷ್ಟು ಹೊತ್ತಿಗೆ ತನ್ನ ಸುಳ್ಳನ್ನು ತಾನೇ ನಂಬಿದ್ದ ಸೆಕ್ಕು. ತೂದಾಳಂತೂ ನಕ್ಕೇಬಿಟ್ಟಳು. “ಕಿತ್ತುಹೋದ ಚಪ್ಪಲಿ ಅಂಟಿಸಕ್ಕೆ ಬರಲ್ಲ ಇವ್ರಿಗೆ. ನಲವತ್ತು ಕೋಟಿ ವರ್ಷದ್ದನ್ನ ಅಂಟಿಸ್ತಾರಾ?”

ನಜ್ವಾ ಮಾತ್ರ ನಗಲಿಲ್ಲ. ಚೀಲದಿಂದ ಪುಟ್ಟ ಸೀಸೆ ತೆಗೆದು, ಬಾಲದ ಬುಡಕ್ಕೆ ಅಂಟು ಕರಗಿಸುವ ದ್ರವದ ಹನಿ ಬಿಟ್ಟಳು. ಸುತ್ತ ನಿಂತವರು ಬಗ್ಗಿದರು. ಬಾಲ ಮೊದಲು ತೂಕಡಿಸುವ ಮುದುಕನಂತೆ ವಾಲಿತು, ಆಮೇಲೆ ಅವಳ ಅಂಗೈಗೆ ಬಿತ್ತು.

ಹುಳುಕು ಹಲ್ಲು ಕಿತ್ತಂತೆ ಬಾಹಾನಿಗೆ ಒಂದು ಗಳಿಗೆ ಹಗುರವಾಯಿತು. ತೂದಾ ಮುಖ ತಿರುಗಿಸಿದ್ದನ್ನು ಕಂಡ ಮೇಲೆ ನೋವು ಶುರುವಾಯಿತು.

ಅಷ್ಟರಲ್ಲಿ ಬಂಡೆಯ ಹಿಂದಿನಿಂದ ಠಣ್ಣೆಂದು ಸದ್ದಾಯಿತು. ಬಾಹಾನನ್ನು ಇನ್ನೂ ನಂಬದ ಸೆಕ್ಕು ಒಬ್ಬನೇ ಅಗೆಯುತ್ತಲೇ ಇದ್ದ. ಕಲ್ಲೊಂದು ಸೀಳಿ ಎರಡು ಹೋಳಾಗಿತ್ತು. ಒಳಗೆ ಒಂದೇ ಹುಳು. ಒಂದು ತುದಿಗೆ ಮೂರು ಕವಲಿನ ಕೊಂಬು. ಇನ್ನೊಂದು ತುದಿಗೆ ಕವಲು ಬಾಲ.

ನಜ್ವಾ ಮಂಡಿಯೂರಿ ಅದಕ್ಕೂ ಹನಿ ಬಿಟ್ಟಳು. ಏನೂ ಕರಗಲಿಲ್ಲ. ಇನ್ನೊಂದು ಹನಿ ಬಿಟ್ಟಳು. ಬಾಲ ಅಲ್ಲೇ ಗಟ್ಟಿಯಾಗಿ ಕುಳಿತಿತ್ತು.

“ಅಂಥದ್ದೊಂದು ಇತ್ತು,” ಎಂದಳು ಮೆಲ್ಲಗೆ. “ನಿಜವಾಗ್ಲೂ ಇತ್ತು.”

ಬಾಹಾ ಗುಂಪನ್ನು ಸೀಳಿ ಮುಂದೆ ಬಂದು, ಈ ಜಾಗ ತೋರಿಸಿದ್ದು ನಾನಲ್ಲವೇ ಎಂದು ಕೇಳಿದ.

“ದೇವರಲ್ಲ, ನಾನೇ ಮಾಡಿದ್ದು ಅಂತ ಈಗಷ್ಟೇ ಹೇಳಿದ್ಯಲ್ಲೋ,” ಎಂದ ಸೆಕ್ಕು. ನಜ್ವಾ ಆಗಲೇ ಹುಳುವಿಗೆ ಇಡಲೆಂದು ಸೆಕ್ಕುವಿನ ಪೂರ್ತಿ ಹೆಸರು ಕೇಳುತ್ತಿದ್ದಳು. ಸೆಕ್ಕುವಿನ ಪ್ರಾಣಿಯನ್ನು ಬಾಹಾ ಎಲ್ಲೋ ಕದ್ದು ನೋಡಿ ನಕಲು ಮಾಡಿರಬೇಕು ಎಂದು ಯಾರೋ ಅಂದರು. ದಿಣ್ಣೆ ಇಳಿಯುವಷ್ಟರಲ್ಲಿ ಅದು ಇತಿಹಾಸವಾಗಿತ್ತು.

ಕಲ್ಲಿಗೆ ವ್ಯಾನಿನಲ್ಲಿ ಒಂದು ಸೀಟು ಬೇಕಾಯಿತು. ಬಾಹಾನ ಸೀಟು ಕೊಟ್ಟರು. ಕುಲುಕದಿರಲಿ ಎಂದು ಅವನ ಶಾಲನ್ನೇ ಹೊದಿಸಿದರು. ಅವನು ನಡೆದು ಊರು ಸೇರುವಾಗ ಸಂಜೆಯಾಗಿತ್ತು. ತೂದಾ ಬೋರ್ಡು ಇಳಿಸಿ, ಅದರ ಮೇಲೆ ರೊಟ್ಟಿ ಲಟ್ಟಿಸುತ್ತಿದ್ದಳು. ಮುಖ ನೋಡದೆಯೇ ಒಂದು ಬಿಸಿ ರೊಟ್ಟಿ ಅವನತ್ತ ತಳ್ಳಿದಳು.

ಸೆಕ್ಕು ಅಂಗಡಿಯ ಬಾಗಿಲಲ್ಲೇ ಕಾಯುತ್ತಿದ್ದ. ಆಚೀಚೆ ನೋಡಿ ಹತ್ತಿರ ಬಂದ.

“ನನ್ನ ಹುಳಾನ ಲಲ್ಲಾ ಮರಾಕೇಶಿಗೆ ಎತ್ಕೊಂಡು ಹೋದ್ರು ಕಣೋ. ನಾಳೆಯಿಂದ ಜನ ಬಂದು ಕೇಳಿದ್ರೆ ನಾನೇನು ತೋರಿಸಲಿ? ಅಂಥವು ಒಂದಷ್ಟು ಮಾಡಿಕೊಡು ಮಾರಾಯ.” ಹೊರಟವನು ತಿರುಗಿ ನಿಂತ. “ಬಾಲ ಮಾತ್ರ ಸ್ವಲ್ಪ ನೋಡಿ ಮಾಡು. ನಿಂದು ಅಸಲಿ ಥರ ಇರ್ಲಿಲ್ಲ.”