ಚೌಕದ ಛತ್ರಕ್ಕೆ ಷಷ್ಟಿಪೂರ್ತಿ

ನಮ್ಮ ಸೋದರಮಾವನವರಿಗೆ ನೆಂಟರಿಷ್ಟರು ಬಹಳ. ಅವರಲ್ಲಿ ಮುಕ್ಕಾಲು ಪಾಲು ಕಲ್ಲು, ಗಾರೆ ಮತ್ತು ಮರದಿಂದ ಆದವರು! ಇದನ್ನು ಅಲಂಕಾರದ ಮಾತೆಂದು ಯಾರೂ ಭಾವಿಸಬಾರದು. ಜೀವಮಾನವಿಡೀ ಶಾಸನಗಳ ಕಾಲನಿರ್ಣಯದಲ್ಲಿ ಕಣ್ಣು ಸವೆಸಿ ನಿವೃತ್ತನಾದ ನಾನು ಅಲಂಕಾರಗಳಿಂದ ಆದಷ್ಟು ದೂರ ಇರುವವನು. ಚಿಂತಾಮಣಿಯ ಚೌಕದ ಸುತ್ತ ನಿಂತಿದ್ದ ಹಳೆಯ ಕಟ್ಟಡಗಳನ್ನು ಅವರು ವಯಸ್ಸಿಗೆ ತಕ್ಕಂತೆ ತಾತ, ದೊಡ್ಡಪ್ಪ, ಚಿಕ್ಕಮ್ಮ ಎಂದು ವಿಂಗಡಿಸಿಕೊಂಡಿದ್ದರು. ಬೆಳಗಿನ ತಿರುಗಾಟಕ್ಕೆ ಅವರ ಜೊತೆ ಹೊರಟವರು ಹಿರಿತನದ ಅದೇ ಕ್ರಮದಲ್ಲಿ ಎಲ್ಲಕ್ಕೂ ಕೈಮುಗಿಯಬೇಕಾಗಿತ್ತು. ಕ್ರಮ ತಪ್ಪಿತೋ, ಮತ್ತೆ ಮೊದಲಿನಿಂದ!

ಹೆಂಚಿನ ಮಾಡಿನ ಬೇಳೆ ಮಂಡಿ ತಾತ. ಎದುರಿನ ಟಪಾಲು ಕಚೇರಿ ದೊಡ್ಡಪ್ಪ. ಮರದ ಕಟಾಂಜನದ ಮಹಡಿ ಹೊತ್ತ ಜವಳಿ ಅಂಗಡಿ ಚಿಕ್ಕಮ್ಮ. “ಚಿಕ್ಕಮ್ಮಂಗೆ ಸ್ವಲ್ಪ ಜಂಭ ಕಣೋ ಅಳಿಯಾ, ಮಹಡಿ ಇದೆ ಅಂತ,” ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು, ಕಟ್ಟಡಕ್ಕೆ ಕೇಳಿಸೀತೆಂಬ ಭಯದಿಂದ. ಆದರೆ ಚೌಕದ ಮೂಲೆಯಲ್ಲಿದ್ದ ಕಲ್ಲಿನ ಛತ್ರದ ಮುಂದೆ ಬಂದರೆ ಕೈಮುಗಿಯುವುದೂ ಇಲ್ಲ, ಮರ್ಯಾದೆಯೂ ಇಲ್ಲ. ಕಂಬಕ್ಕೆ ಬೆನ್ನು ತಾಗಿಸಿ ಜಗಲಿಯ ಮೇಲೆ ಕುಳಿತು, “ಏನೋ, ರಾತ್ರಿ ಯಾರ್ಯಾರು ಬಂದು ಮಲಗಿದ್ರು?” ಎಂದು ವಿಚಾರಿಸುವರು.

“ಮಾವ, ಎಲ್ಲರಿಗೂ ಕೈಮುಗೀತೀರಿ, ಇದಕ್ಕೆ ಮಾತ್ರ ಯಾಕಿಲ್ಲ?”

“ಅವನೂ ನಾನೂ ಒಂದೇ ವರ್ಷ ಹುಟ್ಟಿದ್ದು. ಓರಗೆಯವನಿಗೆ ಯಾರಾದ್ರೂ ಕೈ ಮುಗೀತಾರೇನೋ ಪೆದ್ದೇ!”

ಆಧಾರ? ಆಧಾರವಿಲ್ಲದೆ ಮಾತನಾಡುವ ವಂಶ ನಮ್ಮದಲ್ಲ. ಛತ್ರದ ಬಾಗಿಲ ಮೇಲಿನ ಕಲ್ಲಿನಲ್ಲಿ, ದಾರಿಹೋಕರ ಅನುಕೂಲಕ್ಕಾಗಿ ಶಾರ್ವರಿ ಸಂವತ್ಸರದಲ್ಲಿ ಕಟ್ಟಿಸಿದ್ದೆಂಬ ಒಂದು ಸಾಲಿತ್ತು. ಕಟ್ಟಿಸಿದವರ ಹೆಸರನ್ನು ಗಾಳಿ ಮಳೆಗಳು ತಿಂದು ಹಾಕಿದ್ದವು. ಮಾವನವರು ಹುಟ್ಟಿದ್ದೂ ಶಾರ್ವರಿಯಲ್ಲೇ. ಆದರೆ ಸಂವತ್ಸರಗಳ ಹೆಸರು ಅರವತ್ತೇ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಶಕವರ್ಷವಿಲ್ಲದ ಬರಿಯ ಶಾರ್ವರಿ ಯಾವ ಶಾರ್ವರಿ? ಮಾವ ಹುಟ್ಟಿದ್ದೋ, ಮಾವನ ತಾತ ಹುಟ್ಟಿದ್ದೋ? ಸಂಶೋಧನೆಗೆ ಆಗತಾನೇ ಕಾಲಿಟ್ಟಿದ್ದ ನಾನು ಈ ಸಂಶಯವನ್ನು ಬಹಳ ಗಂಭೀರವಾಗಿ ಮುಂದಿಟ್ಟೆ. ಅವರು ಛತ್ರದ ಕಂಬವನ್ನೊಮ್ಮೆ ತಟ್ಟಿ, “ನೋಡೋ, ಹುಡುಗ ನಿನ್ನ ಜಾತಕ ಕೇಳ್ತಿದಾನೆ,” ಎಂದರು. ಚರ್ಚೆ ಅಲ್ಲಿಗೆ ಮುಗಿಯಿತು.

ಇಂಥವರನ್ನು ವರಾನ್ವೇಷಣೆಗೆ ಕಳಿಸಬಹುದೆ? ಕಳಿಸಿದ್ದೆವು! ಇದು ಐವತ್ತರ ದಶಕದ ನಡುವಿನ ಮಾತು. ವರ್ಷವನ್ನು ಇನ್ನೂ ನಿಖರವಾಗಿ ಹೇಳಲು ಇಬ್ಬರ ಸಾಕ್ಷ್ಯ ಬೇಕು, ಈಗ ಉಳಿದಿರುವುದು ಒಬ್ಬನದು, ಅದೂ ನನ್ನದೇ. ನನ್ನ ಅಕ್ಕನಿಗೆ ಗೌರಿಬಿದನೂರಿನಲ್ಲಿ ಒಂದು ಸಂಬಂಧವಿದೆಯೆಂದು ಕೇಳಿ, ಹುಡುಗನನ್ನು ನೋಡಿಕೊಂಡು ಬರಲು ಮಾವ ಹೋದರು. ಸಂಜೆ ಹಿಂದಿರುಗಿದವರ ಮುಖ ಬೆಳಗುತ್ತಿತ್ತು. ನಮ್ಮ ತಾಯಿ ನೀರು ಕೊಡುವುದಕ್ಕೂ ಮುಂಚೆ ಕೇಳಿದರು.

“ಹುಡುಗ ಹೇಗಿದಾನೆ ಅಣ್ಣಯ್ಯ?”

“ಆಹಾ, ಆ ಬಾಗಿಲವಾಡ ಇದೆಯಲ್ಲಮ್ಮ! ಒಂದೇ ಹಲಸಿನ ಮರದ್ದು! ಸಂದಿಗೆ ಒಂದು ಕೂದಲು ತೂರ್ಸೋಕಾಗಲ್ಲ!”

“ಹುಡುಗ ಅಣ್ಣಯ್ಯ, ಹುಡುಗ!”

ಮಾವ ಬಹಳ ಹೊತ್ತು ಯೋಚಿಸಿದರು. “ಇದ್ದ ಅನ್ಸುತ್ತೆ ಕಣಮ್ಮ. ಬಾಗಿಲಿಗೆ ಅಡ್ಡ ಯಾರೋ ಒಬ್ಬ ನಿಂತಿದ್ದ. ಸ್ವಲ್ಪ ಸರೀಪ್ಪ ಅಂದೆ, ಪಾಪ, ಸರಿದ. ವಿನಯ ಇದೆ.”

ಆ ವಿನಯವಂತನೇ ನನ್ನ ಭಾವನಾದ. ಸಂಸಾರ ಬಾಗಿಲವಾಡದಷ್ಟೇ ಬಿಗಿಯಾಗಿ ನಿಂತಿತು.

ಇನ್ನೊಮ್ಮೆ ಚೌಕದ ಹಳೆಯ ಹೋಟೆಲಿನವರು ಮುಂಭಾಗಕ್ಕೆ ಹಸಿರು ಎಣ್ಣೆಬಣ್ಣ ಬಳಿಸಿಬಿಟ್ಟರು. ಅಂದಿನಿಂದ ಮಾವನವರಿಗೆ ಅಲ್ಲಿನ ದೋಸೆ ವರ್ಜ್ಯ! ದಿನವೂ ಎದುರಿನ ಜಗಲಿಯಲ್ಲಿ ಕುಳಿತು, ಆ ಗೋಡೆಯನ್ನು ನೋಡಿ, ಸಾವಿನ ಮನೆಗೆ ಬಂದವರಂತೆ ತಲೆಯಲ್ಲಾಡಿಸುವರು. ಹೋಟೆಲಿನ ಯಜಮಾನರಿಗೆ ತಡೆಯಲಾಗಲಿಲ್ಲ.

“ಏನ್ ಸ್ವಾಮಿ ತಪ್ಪು ಮಾಡಿದೀವಿ ನಾವು?”

“ವಯಸ್ಸಾದ ಹೆಂಗಸಿಗೆ ತುಟಿಗೆ ಬಣ್ಣ ಹಚ್ಚಿ ಬೀದೀಲಿ ನಿಲ್ಸಿದೀರಲ್ಲಯ್ಯಾ!”

“ಒಳಗಡೆ ಹೊಗೆ ಹಂಗೇ ಇದೆ ಸ್ವಾಮಿ. ಅಜ್ಜನ ಕಾಲದ್ದು. ಒಂದ್ಸಲ ಬಂದು ನೋಡಿ.”

ಮಾವ ಒಳಹೊಕ್ಕು, ಅಡುಗೆಮನೆಯ ಕರಿಗಟ್ಟಿದ ತೊಲೆಗಳನ್ನು ಕತ್ತೆತ್ತಿ ನೋಡಿ, ದೀರ್ಘವಾಗಿ ಮೂಗಿಗೆ ಎಳೆದುಕೊಂಡು, ಎರಡು ದೋಸೆ ಹೇಳಿದರು. ಇದಕ್ಕೆ ಏನೆನ್ನಬೇಕು? ಗ್ರಂಥಗಳಲ್ಲಿ ಓದಿ ನಾವು ಇತಿಹಾಸಪ್ರಜ್ಞೆ ಎಂದು ಕರೆಯುವುದು ಆ ಮನುಷ್ಯನಿಗೆ ಮೂಗಿನಲ್ಲೇ ಇತ್ತು!

೧೯೬೦ರ ಯುಗಾದಿಗೆ ಶಾರ್ವರಿ ಸಂವತ್ಸರ ಮತ್ತೆ ಕಾಲಿಟ್ಟಿತು. ಇದನ್ನು ಬೇರೆ ಬೇರೆ ಪಂಚಾಂಗಗಳಲ್ಲಿ ಹೋಲಿಸಿ ನೋಡಿದ್ದೇನೆ, ಸಂಶಯ ಬೇಡ. ಅದೇ ವರ್ಷ ಚೌಕದಲ್ಲಿ ಬಸ್ಸುಗಳು ತಿರುಗಲಾರದೆ ಹಿಂದಕ್ಕೂ ಮುಂದಕ್ಕೂ ಒದ್ದಾಡತೊಡಗಿದವು. ಮೂಲೆಯ ಛತ್ರವನ್ನು ಕೆಡವಿದರೆ ದಾರಿ ಸಲೀಸಾಗುತ್ತದೆಂಬ ಮಾತು ಹುಟ್ಟಿತು. ಓವರ್‌ಸಿಯರ್ ಒಬ್ಬರು ಬಂದು ಸುಮ್ಮನೆ ಸುತ್ತು ಹಾಕಿ, ಮುಂದಿನ ವಾರ ಅಳತೆ ತೆಗೆಯುತ್ತೇನೆಂದು ಹೇಳಿ ಹೋದರು. ಮಾವ ಅಂದು ಊಟ ಮಾಡಲಿಲ್ಲ. ಮಾರನೆಯ ಬೆಳಗ್ಗೆ ನಮ್ಮ ಮನೆಗೆ ಬಂದು, ಅಡುಗೆಮನೆಯ ಹೊಸಿಲಲ್ಲಿ ನಿಂತು ಘೋಷಿಸಿದರು.

“ಷಷ್ಟಿಪೂರ್ತಿ ಮಾಡಿಸ್ತಿದೀನಿ ಕಣಮ್ಮ.”

ತಾಯಿಯ ಕೈಯಲ್ಲಿದ್ದ ಸೌಟು ನಿಂತಿತು. ಮಾವನಿಗೂ ಅರವತ್ತು ತುಂಬಿದ ವರ್ಷವಲ್ಲವೆ? ಆದರೆ ಷಷ್ಟಿಪೂರ್ತಿಯೆಂದರೆ ಅರವತ್ತರ ಗಂಡ ತನ್ನ ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುವ ಶಾಸ್ತ್ರ. ನಮ್ಮ ಅತ್ತೆ ತೀರಿಕೊಂಡು ಕೆಲವು ವರ್ಷಗಳೇ ಆಗಿದ್ದವು.

“ಯಾರಿಗೆ ಅಣ್ಣಯ್ಯ?” ಎಂದು ತಾಯಿ ಮೆಲ್ಲಗೆ ಕೇಳಿದರು.

“ಛತ್ರಕ್ಕೆ! ಶಾಂತಿ ಮಾಡಿಸ್ಕೊಂಡು, ಹಾರ ಹಾಕಿಸ್ಕೊಂಡು ಕೂತಿರೋ ಹಿರೀಕನ್ನ ಯಾರಾದ್ರೂ ಬೀದಿಗೆ ತಳ್ತಾರೇನಮ್ಮ? ಕೈ ಬರುತ್ತಾ?”

“ಅತ್ತಿಗೆ ಇದ್ದಿದ್ರೆ ಈ ವರ್ಷ ನಿಂಗೇ…”

“ಅದೆಲ್ಲ ಈಗ ಯಾಕೆ. ನೀನು ಪಾಯಸಕ್ಕೆ ಏನು ಬೇಕು ಹೇಳು.”

ಪುರೋಹಿತರು ಮೊದಲು ನಕ್ಕರು, ಆಮೇಲೆ ಬೈದರು, ಕೊನೆಗೆ ಶಾಸ್ತ್ರಕ್ಕೆ ಮೊರೆಹೊಕ್ಕರು. “ದಂಪತಿ ಇಲ್ದೆ ಷಷ್ಟಿಪೂರ್ತಿ ಎಲ್ಲಿದೆ ಸ್ವಾಮಿ? ನಿಮ್ಮ ಛತ್ರ ಬ್ರಹ್ಮಚಾರಿ!”

ಸರಿ, ಹೆಣ್ಣು ಹುಡುಕಬೇಕಾಯಿತು! ಚೌಕದ ನಡುವೆ ನಿಂತು ಮಾವ ಒಂದೊಂದೇ ಕಟ್ಟಡವನ್ನು ಕಣ್ಣಳತೆ ಮಾಡಿದರು. ಜೊತೆಗೆ ನಾನು, ಪುರೋಹಿತರು ಮತ್ತು ಅತ್ತರಿನ ಅಂಗಡಿಯ ಸಾಹೇಬರು. ಮಾವ ಚೌಕದ ನೆಂಟರನ್ನು ಮಾತಾಡಿಸುವಾಗ ಸಾಹೇಬರು ತಾವೂ ಹಣೆಗೆ ಕೈ ಮುಟ್ಟಿಸಿ ಸಲಾಮು ಮಾಡುವವರು, ಆಪ್ತ ಗೆಳೆಯರು.

“ಟಪಾಲು ಕಚೇರಿ?” ಎಂದರು ಪುರೋಹಿತರು.

“ದೊಡ್ಡಪ್ಪ ಕಣ್ರೀ ಅದು! ಹೋಗ್ಲಿ ಅಂದ್ರೂ ಸರ್ಕಾರಿ ನೌಕರಿ, ಯಾವಾಗ ಬೇಕಾದ್ರೂ ವರ್ಗ ಆಗುತ್ತೆ.”

“ಜವಳಿ ಅಂಗಡಿ?”

“ಗಂಡಿಗಿಂತ ಎತ್ತರ. ಜೊತೆಗೆ ಚಿಕ್ಕಮ್ಮ.”

ಆಗ ಸಾಹೇಬರು ಛತ್ರದ ಮಗ್ಗುಲಿಗೇ ಕೈ ತೋರಿಸಿದರು. ಅಲ್ಲಿ ಕಲ್ಲು ಕಟ್ಟಿದ ಒಂದು ಸೇದುಬಾವಿಯಿತ್ತು. “ಅರೆ ಭಾಯ್, ಬಗಲಲ್ಲೇ ಇದಾಳಲ್ಲ. ಇವನು ಬಂದೋರಿಗೆ ನೆರಳು ಕೊಡ್ತಾನೆ, ಇವಳು ನೀರು ಕೊಡ್ತಾಳೆ. ಇಷ್ಟು ವರ್ಸದಲ್ಲಿ ಒಂದು ದಿನ ಜಗಳ ಕೇಳಿದೀರಾ?”

ಮಾವ ಸಾಹೇಬರ ಎರಡೂ ಕೈ ಹಿಡಿದುಕೊಂಡರು. ಪುರೋಹಿತರು, “ತೊಂದರೆ ಇಲ್ಲ. ತಾಳಿ ಮಾತ್ರ ಬೇಡ, ಹಾರ ಸಾಕು,” ಎಂದು ಒಪ್ಪಿದರು.

ನಾನು ಮಾತ್ರ ಸುಮ್ಮನಿರಲಿಲ್ಲ. ಶುಭಕಾರ್ಯದ ಮುನ್ನಾದಿನ ಮಾವನ ಬಳಿ ಹೋಗಿ, ಕಂಬಗಳ ಕೆತ್ತನೆಯನ್ನು ನೋಡಿದರೆ ಈ ಛತ್ರ ಇನ್ನೂ ಹಳೆಯದೆಂದು ಕಾಣುತ್ತದೆ, ಅದಕ್ಕೆ ಅರವತ್ತಲ್ಲ, ನೂರ ಇಪ್ಪತ್ತೇ ಆಗಿರಬಹುದು ಎಂದೆ.

“ಆಗಿದ್ರೆ ಎರಡನೇ ಸಲ ಮಾಡ್ತಿದೀವಿ ಅಂತಾಯ್ತು. ಮೊದಲನೇ ಸಲ ನೀನು ಬಂದಿರ್ಲಿಲ್ಲ, ಈ ಸಲ ಬಂದು ಊಟ ಮಾಡು!”

ನೂರ ಇಪ್ಪತ್ತರ ಸಿದ್ಧಾಂತವನ್ನು ಮಡಿಸಿಟ್ಟು, ಮಾರನೆಯ ದಿನ ಎಲ್ಲರಿಗಿಂತ ಮೊದಲೇ ಹಾಜರಾದೆ.

ಆ ಬೆಳಗನ್ನು ಹೇಗೆ ವರ್ಣಿಸಲಿ? ಬಾವಿಯ ನೀರನ್ನೇ ಕಲಶಗಳಲ್ಲಿ ತುಂಬಿ, ಮಂತ್ರ ಹೇಳಿ, ಛತ್ರದ ಕಂಬಗಳಿಗೆ ಅಭಿಷೇಕ ಮಾಡಿದರು. ಒಣಗಿದ್ದಾಗ ಬೂದುಬಣ್ಣದ, ಬೀಡಿಯ ಹೊಗೆ ಮೆತ್ತಿದ ಆ ಕಲ್ಲುಗಳು ನೀರು ಬಿದ್ದೊಡನೆ ಎಚ್ಚೆತ್ತಂತೆ ಕಪ್ಪಾಗಿ ಹೊಳೆದವು. ಎಂದೂ ಯಾರಿಗೂ ಕಾಣದಿದ್ದ ಉಳಿಯ ಏಟುಗಳು ಒಂದೊಂದಾಗಿ ಮೇಲೆದ್ದವು. ಒಂದು ಕಂಬದಲ್ಲಿ ಬಳ್ಳಿ, ಇನ್ನೊಂದರಲ್ಲಿ ಹಂಸ, ಮತ್ತೊಂದರ ಬುಡದಲ್ಲಿ, ಬಹುಶಃ ಕಲ್ಲುಕುಟಿಗನೇ ತಮಾಷೆಗೆ ಬಿಡಿಸಿದ, ಗಂಟು ಹೊತ್ತ ಪುಟ್ಟ ದಾರಿಹೋಕ. ನಾನು ಆ ಜಗಲಿಯಲ್ಲಿ ಎಷ್ಟೋ ಸಲ ಕುಳಿತು ಕಡಲೆಕಾಯಿ ತಿಂದವನು. ಆ ದಾರಿಹೋಕನನ್ನು ಕಂಡದ್ದು ಅಂದೇ. ಸುತ್ತ ನೆರೆದ ಮಂಡಿಯವರು, ತರಕಾರಿಯವರು, ಬಸ್ಸಿಗೆ ಕಾದವರು ಎಲ್ಲ ಆ ದಾರಿಹೋಕನನ್ನು ನೋಡಲು ಕತ್ತು ಚಾಚಿದರು. ಅಂಬಾಜಿದುರ್ಗದ ಬೆಟ್ಟದ ಕಡೆಯಿಂದ ಬೀಸಿದ ಗಾಳಿಗೆ ಬಾವಿಯ ಹಾರ ಅಲ್ಲಾಡುತ್ತಿತ್ತು.

ಓವರ್‌ಸಿಯರ್ ಅಳತೆಯ ಟೇಪು ಹಿಡಿದು ಬಂದದ್ದು ಆಗಲೇ. ಹಾರ, ಕಲಶ, ಪಾಯಸದ ಕೊಳದಪ್ಪಲೆ ನೋಡಿ ಬೆಪ್ಪಾದರು. ಆಂಧ್ರದ ಗಡಿಯ ಕಡೆಯವರು, ಗಾಬರಿಯಾದರೆ ಬಾಯಿಗೆ ಬರುತ್ತಿದ್ದುದು ತೆಲುಗು.

“ಇದೇಂದಿ ಸ್ವಾಮಿ, ಪೆಳ್ಳಾ?”

“ಹೌದು ಸಾಬ್, ಅರವತ್ತು ವರ್ಸದ್ದು ಷಾದಿ,” ಎಂದು ಸಾಹೇಬರು ಅವರ ಮೇಲೆ ಪನ್ನೀರು ಚಿಮುಕಿಸಿಯೇಬಿಟ್ಟರು.

“ನಿಮ್ಮ ವಯಸ್ಸೆಷ್ಟಪ್ಪ?” ಎಂದರು ಮಾವ.

“ಮೂವತ್ತೆರಡು.”

“ಹಾಗಾದ್ರೆ ಕಿರಿಯರು. ನಮಸ್ಕಾರ ಮಾಡಿ ಆಶೀರ್ವಾದ ತಗೊಳಿ. ಆಮೇಲೆ ನಿಮ್ಮ ಕೆಲಸ ನೀವು ನೋಡಿ, ನಾವು ಅಡ್ಡ ಬರಲ್ಲ.”

ಊರೇ ನೋಡುತ್ತಿರುವಾಗ ಮನುಷ್ಯ ಏನು ಮಾಡಿಯಾನು? ಟೇಪನ್ನು ಕಂಕುಳಲ್ಲಿ ಇರುಕಿಕೊಂಡು ಜಗಲಿಗೆ ಅಡ್ಡಬಿದ್ದರು. ಪುರೋಹಿತರು ಅವರ ತಲೆಗೆ ಮಂತ್ರಾಕ್ಷತೆ ಹಾಕಿ, “ದೀರ್ಘಾಯುಷ್ಮಾನ್ ಭವ” ಎಂದರು. ಓವರ್‌ಸಿಯರ್ ಎದ್ದು ಕಂಬದ ಬುಡಕ್ಕೆ ಟೇಪು ಹಿಡಿದರು. ಕೂದಲಿನಿಂದ ಒಂದು ಅಕ್ಕಿಕಾಳು ಜಾರಿ ಟೇಪಿನ ಮೇಲೆ ಬಿತ್ತು. ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತಿದ್ದರು.

“ಈಗ ತಾನೇ ಕಾಲಿಗೆ ಬಿದ್ದೋನು ನಾನು. ಇವಾಗ ಹೆಂಗೆ ಸ್ವಾಮಿ ಇದನ್ನ ಒಡೀರಿ ಅಂತ ಬರ್ಕೊಳ್ಲಿ?” ಎಂದು ಟೇಪು ಸುತ್ತಿ, ಎಲೆಯ ಮುಂದೆ ಕುಳಿತು ಎರಡು ಸಲ ಪಾಯಸ ಹಾಕಿಸಿಕೊಂಡರು. ಹೋಗುವ ಮುನ್ನ ಚೌಕದಾಚೆಯ ಬಯಲನ್ನು ದಿಟ್ಟಿಸಿ, “ಬಸ್ಸು ಅಲ್ಲೇ ನಿಂತ್ರೆ ಒಳಗೆ ಬಂದು ತಿರುಗೋದೇ ಬೇಡ ಕದಾ?” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅವರು ಮುಂದೆ ಏನು ಬರೆದರೋ ನಾನು ನೋಡಿಲ್ಲ, ನೋಡದ್ದನ್ನು ಹೇಳುವುದಿಲ್ಲ. ಬಸ್ಸುಗಳು ಆ ಬಯಲಿನಲ್ಲಿ ನಿಲ್ಲತೊಡಗಿದ್ದನ್ನೂ, ಛತ್ರ ತನ್ನ ಮೂಲೆಯಲ್ಲೇ ಉಳಿದದ್ದನ್ನೂ ಕಣ್ಣಾರೆ ಕಂಡಿದ್ದೇನೆ.

ಜನ ಕರಗಿದ ಮೇಲೆ ಮಾವ ಛತ್ರಕ್ಕೂ ಬಾವಿಗೂ ನಡುವಿನ ಒದ್ದೆ ಚಪ್ಪಡಿಯ ಮೇಲೆ ಒಬ್ಬರೇ ನಿಂತಿದ್ದರು. ಗೆದ್ದವರ ಮುಖವಲ್ಲ ಅದು. ಕಂಬದ ಮೇಲಿನ ಹಾರವನ್ನೊಮ್ಮೆ, ಬಾವಿಯ ಮೇಲಿನ ಹಾರವನ್ನೊಮ್ಮೆ ನೋಡುತ್ತಿದ್ದರು. ನಮ್ಮ ತಾಯಿ ಇನ್ನೂ ನೀರಿದ್ದ ಒಂದು ಕಲಶವನ್ನು ಎತ್ತಿಕೊಂಡು ಅವರ ಹತ್ತಿರ ಹೋದರು.

“ಸ್ವಲ್ಪ ಬಗ್ಗು ಅಣ್ಣಯ್ಯ.”

“ಬೇಡ ಕಣಮ್ಮ. ಒಬ್ಬನೇ ಇರೋನಿಗೆ ಶಾಸ್ತ್ರ ಇಲ್ಲ.”

“ಬಗ್ಗು ಅಂದೆ.”

ಮಾವ ಕನ್ನಡಕ ತೆಗೆದು ಬಗ್ಗಿದರು. ಅಷ್ಟು ದೂರದಲ್ಲಿ ದರ್ಭೆ ಕಟ್ಟಿಡುತ್ತಿದ್ದ ಪುರೋಹಿತರು, ದಂಪತಿಯಿಲ್ಲದೆ ಆಗುವುದಿಲ್ಲ ಎಂದಿದ್ದ ಅದೇ ಪುರೋಹಿತರು, ಯಾರ ಕಡೆಗೂ ನೋಡದೆ ತಗ್ಗಿದ ದನಿಯಲ್ಲಿ ಮಂತ್ರ ಹಿಡಿದರು. ಅಭಿಷೇಕದ ಹೊತ್ತಿನಲ್ಲಿ ಹೆಂಡತಿ ಗಂಡನ ಎಡಕ್ಕಿರಬೇಕು. ಮಾವ ತಮಗೇ ಅರಿವಿಲ್ಲದೆ ಒಂದು ಹೆಜ್ಜೆ ಬಲಕ್ಕೆ ಸರಿದು, ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟರು. ತಾಯಿ ಅದನ್ನು ನೋಡಿದರು. ಅರ್ಧ ಕಲಶದ ನೀರನ್ನು ಅಣ್ಣನ ನರೆತ ತಲೆಯ ಮೇಲೆ ಹೊಯ್ದು, ಉಳಿದರ್ಧವನ್ನು ಆ ಖಾಲಿ ಜಾಗದ ಕಲ್ಲಿನ ಮೇಲೆ, ನಿಧಾನವಾಗಿ, ಪೂರ್ತಿಯಾಗಿ ಹೊಯ್ದರು.