ಕಿವಿಗೆ ಹಿಡಿದ ಕಡಲತಳ

ಒಂದು ವಸ್ತುವನ್ನು ಅಲುಗಾಡದಂತೆ ಇಡುವ ವಿದ್ಯೆಯಲ್ಲಿ ತಿಪಟೂರು ಸೀಮೆಯವರನ್ನು ಮೀರಿಸುವವರು ಈ ಭೂಮಂಡಲದಲ್ಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿದರೆ ವರ್ಷದವರೆಗೆ ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಆಮೇಲೆ ಕಿವಿಗೆ ಹಿಡಿದು ಅಲ್ಲಾಡಿಸುತ್ತೇವೆ. ಲೊಡಲೊಡ ಎಂದರೆ ಕೊಬ್ಬರಿ ಆಯಿತು. ಇಲ್ಲವಾದರೆ ಮತ್ತೆ ಅಟ್ಟಕ್ಕೆ.

ಆದ್ದರಿಂದ ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ನನ್ನ ಬಾಮೈದ ಕಡಲತಳವನ್ನೇ ತಂದು ಕೈಗಿಟ್ಟಾಗ ನಾನು ಹೆದರಲಿಲ್ಲ.

ಬಾಮೈದ ಎಂದರೆ ನನ್ನ ಹೆಂಡತಿ ಗಿರಿಜಳ ತಮ್ಮ ಮಹದೇವ. ನಮ್ಮ ಸೀಮೆಯದೇ ಆದ ಅರಳಗುಪ್ಪೆಯ ರಾಗಿ ಹೊಲ, ತೆಂಗಿನ ತೋಟಗಳಲ್ಲಿ ಬೆಳೆದವನು ಗೋವಾದಲ್ಲಿ ಸಮುದ್ರದ ಸಂಶೋಧನೆ ಮಾಡುತ್ತಿದ್ದ. ಹಡಗಿನಿಂದ ಮೊಳದುದ್ದದ ಪ್ಲಾಸ್ಟಿಕ್ ಕೊಳವೆಯನ್ನು ಕಡಲತಳಕ್ಕೆ ಇಳಿಸಿ, ಅಲ್ಲಿಯ ಕೆಸರನ್ನು ಇದ್ದ ಹಾಗೇ ಅದರೊಳಗೆ ತೆಗೆದು, ರೈಲು ಪ್ರಯಾಣದುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಬಂದಿದ್ದ. ಅದನ್ನು ಬೆಂಗಳೂರಿನ ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ನಡುವೆ ಹಂದನಕೆರೆಗೆ ಹೋಗಿ ಹೆಣ್ಣನ್ನೂ ನೋಡಬೇಕು.

"ಹಂದನಕೆರೆ ಬಸ್ಸಿನ ಕುಲುಕಾಟ ಇದ್ಕೆ ಆಗಲ್ಲ ಭಾವ. ಸಂಜೆಗಂಟ ನೀವೇ ಮಡಿಕ್ಕಂಡಿರಿ. ನನ್ನ ಮೂರು ವರ್ಷದ ಕೆಲ್ಸ ಇದ್ರ ಮೇಲೇ ನಿಂತೈತೆ" ಎಂದ.

ಗಾಜಿನಂಥ ಕೊಳವೆಯೊಳಗೆ ಪದರದ ಮೇಲೆ ಪದರ ಕಾಣುತ್ತಿತ್ತು. ಮೇಲ್ಗಡೆ ಒಂದಿಷ್ಟು ನೀರು.

"ಈ ನುಣ್ಣಗಿರೋ ಪದರ ಐತಲ್ಲ, ತಳದಲ್ಲಿ ನೀರು ನಿಧಾನಕ್ಕೆ ಹರೀತಿದ್ದಾಗ ಕೂತಿದ್ದು. ಈ ತರಿತರಿಯಾಗಿರೋದು ಜೋರಾಗಿ ಹರಿದಾಗ. ನುಣ್ಣಗಿರೋದ್ನೆಲ್ಲ ಹೊತ್ಕಂಡೋಗಿ ದಪ್ಪದ್ದು ಬಿಟ್ಟೈತೆ."

"ಅಷ್ಟು ಆಳದಲ್ಲೂ ನೀರು ಹರೀತದಾ?"

"ಹರೀತದೆ. ಬೆಳಕಿಲ್ಲ, ಗಾಳಿಯಿಲ್ಲ, ಆದ್ರೂ ಹೊಳೆ ಹಂಗೆ ಹರೀತದೆ. ಈ ಬೆರಳಗಲ ಮಣ್ಣು ಕೂರಕ್ಕೇ ಸಾವಿರ ವರ್ಷ ಬೇಕು ಭಾವ."

ನನಗೆ ಮೈ ಜುಮ್ಮೆಂದಿತು. ಸಾವಿರ ವರ್ಷ ಹಳೆಯದಾದ ಅರಳಗುಪ್ಪೆಯ ಗುಡಿ ಕಟ್ಟುವುದಕ್ಕೂ ಮೊದಲು, ಯಾರೂ ಕಾಣದ ಕತ್ತಲಲ್ಲಿ ಒಂದೊಂದೇ ಕಣ ಇಳಿದು ಕೂತಿದೆ. ನಮ್ಮ ಹೆಂಗಸರು ರಾಗಿ ತೂರುವ ಹಾಗೆ ನೀರು ಅದನ್ನು ತೂರಿ, ಆರಿಸಿ, ಹಾಸಿದೆ. ನೋಡುತ್ತ ನೋಡುತ್ತ ನನ್ನ ಕಣ್ಣು ತುಂಬಿ ಬಂತು.

"ನೆಟ್ಟಗೆ ನಿಲ್ಸಿ, ಅಲ್ಲಾಡಿಸ್ಬ್ಯಾಡಿ. ಅಷ್ಟೇ."

"ಯಾರಿಗೆ ಹೇಳ್ತಿದ್ದೀಯಪ್ಪ ಇದ್ನ?" ಎಂದು ನಕ್ಕೆ.

ಕೊಳವೆ ಅಟ್ಟ ಸೇರಿತು. ಮಧ್ಯಾಹ್ನದವರೆಗೆ ಸುರಕ್ಷಿತವಾಗಿಯೂ ಇತ್ತು. ಆಗ ಪಕ್ಕದ ಮನೆಯ ರುದ್ರಣ್ಣ ಬಂದ. ಇಂಥ ಅದ್ಭುತವನ್ನು ಮನೆಯಲ್ಲಿಟ್ಟುಕೊಂಡು ಸುಮ್ಮನಿರುವುದು ಹೇಗೆ? ಹಸುಗೂಸನ್ನು ಎತ್ತುವಂತೆ ಇಳಿಸಿ ತಂದು, ಸಾವಿರ ವರ್ಷದ ಕಥೆಯನ್ನೆಲ್ಲ ಹೇಳಿದೆ. ರುದ್ರಣ್ಣ ಬಾಯಿ ತೆರೆದುಕೊಂಡು ಕೇಳಿ, "ಒಳಗೆ ಇನ್ನೂ ನೀರೈತಾ?" ಎಂದ.

ಈ ಪ್ರಶ್ನೆಗೆ ಉತ್ತರ ಹುಡುಕಲು ನನ್ನ ಕೈಗೆ ಗೊತ್ತಿದ್ದದ್ದು ಒಂದೇ ದಾರಿ. ಕಿವಿಗೆ ಹಿಡಿದು ಅಲ್ಲಾಡಿಸಿದೆ.

"ಐತೆ" ಎಂದೆ.

"ಕೊಡಿಲ್ಲಿ" ಎಂದು ಅವನೂ ಅಲ್ಲಾಡಿಸಿದ. "ಪೂರಾ ಹಸಿ ಕಣಪ್ಪ. ಇನ್ನೊಂದಾರು ತಿಂಗಳು ಬೇಕು."

ಅಡುಗೆಮನೆಯಿಂದ ಗಿರಿಜ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಎಲ್ಲಿ, ಈ ಕಡೆ ಕೊಡಿ. ನಿಮ್ಮಿಬ್ರಿಗೂ ಕಿವಿ ಮಂದ." ಅವಳು ಎಲ್ಲ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವಳು, ಇದನ್ನೂ ಹಾಗೇ ಮಾಡಿದಳು. ಆಮೇಲೆ ಕೊಳವೆಯನ್ನು ದಿಟ್ಟಿಸಿ, "ರೀ, ಬೆಳಗ್ಗೆ ಇದು ಪದರ ಪದರವಾಗಿತ್ತಲ್ವಾ?" ಎಂದಳು.

ಈಗ ಅದು ರಾಗಿ ಅಂಬಲಿಯಾಗಿತ್ತು.

"ನಿಲ್ಸಿದ್ರೆ ತಾನೇ ಕೂರ್ತದೆ ಬುಡು" ಎಂದ ರುದ್ರಣ್ಣ.

"ಎಷ್ಟೊತ್ತಿಗೆ?" ಎಂದಳು ಗಿರಿಜ.

ಹಿಂದಿನ ಸಲ ಹತ್ತಾರು ಸಾವಿರ ವರ್ಷ ಹಿಡಿದಿತ್ತು. ಮಹದೇವ ವಾಪಸು ಬರುವ ಬಸ್ಸು ಐದೂವರೆಗೆ. ನಾನು ಕೊಳವೆಗೆ ಟವೆಲ್ ಸುತ್ತಿ ಮೂಲೆಯಲ್ಲಿ ನಿಲ್ಲಿಸಿದೆ.

ಹೆಣ್ಣು ಒಪ್ಪಿಗೆಯಾದ ಖುಷಿಯಲ್ಲಿ ಬಂದ ಮಹದೇವ. ನಾನು ಬಾಯಿ ಬಿಡುವ ಮೊದಲೇ, "ಹೆಂಗೈತೆ ಭಾವ ನಮ್ಮ ಸಮುದ್ರ?" ಎಂದು ಟವೆಲ್ ಸಮೇತ ಎತ್ತಿಕೊಂಡು, ಕಿವಿಗೆ ಹಿಡಿದು ಅಲ್ಲಾಡಿಸಿಬಿಟ್ಟ. ಎಷ್ಟಾದರೂ ಅರಳಗುಪ್ಪೆಯ ಕೈ. ಮರುಕ್ಷಣ ಟವೆಲ್ ಬಿಚ್ಚಿ ನೋಡಿದವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅಯ್ಯೋ ಭಾವ, ನನ್ನ ಕೈಯಾರೆ ಹಾಳ್ಮಾಡ್ಕಂಡ್ನಲ್ಲ" ಎಂದು ಜಗುಲಿಯ ಮೇಲೆ ಕುಸಿದ.

ಒಪ್ಪಿಕೊಳ್ಳುತ್ತೇನೆ, ನನಗೆ ಹೋದ ಜೀವ ಬಂದಂತಾಯಿತು. "ಹೋಗ್ಲಿ ಬುಡಪ್ಪ, ಮನುಷ್ಯ ಅಂದ್ಮೇಲೆ ತಪ್ಪಾಗ್ತದೆ" ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಬಿಟ್ಟೆ. ರುದ್ರಣ್ಣ ಕೆಮ್ಮಿದ. ಗಿರಿಜ ನನ್ನನ್ನೇ ನೋಡಿದಳು. ಅಷ್ಟರಲ್ಲಿ ಮಹದೇವ ನಿಜಕ್ಕೂ ಅಳತೊಡಗಿದ. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ನೀನಲ್ಲಪ್ಪ, ನಾನು" ಎಂದೆ. "ನಿನಗಿಂತ ಮೊದ್ಲು ಮೂರು ಜನ ಅಲ್ಲಾಡಿಸಿದ್ದೀವಿ."

ಅವನು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿದ. ಕೊನೆಗೆ ಕಣ್ಣೊರೆಸಿಕೊಂಡು, "ಅದೇ ಜಾಗದ್ದು ಇನ್ನೊಂದು ಕೊಳವೆ ಗೋವಾದಲ್ಲೈತೆ. ತರ್ತೀನಿ. ಆದ್ರೆ ನಿಮ್ಮನೇಗಲ್ಲ" ಎಂದ.

ತಿಂಗಳ ನಂತರ, ಇಂಥ ದಿನದ ರೈಲಿನಲ್ಲಿ ತಿಪಟೂರು ಹಾಯ್ದು ಹೋಗುತ್ತೇನೆಂದು ಕಾಗದ ಬರೆದ. ನಾವು ಸ್ಟೇಷನ್ನಿಗೆ ಹೋದೆವು. ಅವನು ಇಳಿಯಲಿಲ್ಲ. "ಕೈ ಹಿಂದಕ್ಕೆ ಕಟ್ಕಳಿ ಭಾವ" ಎಂದು, ಕಿಟಕಿಯ ಸರಳುಗಳ ಆಚೆಯಿಂದಲೇ ಕೊಳವೆ ತೋರಿಸಿದ. ನುಣ್ಣನೆಯದು, ತರಿಯದು, ಮತ್ತೆ ನುಣ್ಣನೆಯದು. ಬೆರಳಗಲಕ್ಕೊಂದು ಸಾವಿರ ವರ್ಷ. ರೈಲು ಹೊರಡುವವರೆಗೂ ನಾನು ಕೈಕಟ್ಟಿ, ಉಸಿರು ಬಿಗಿಹಿಡಿದು, ದೇವರನ್ನು ನೋಡುವಂತೆ ನೋಡುತ್ತ ನಿಂತಿದ್ದೆ.

ಆ ಭಕ್ತಿಗೆ ನಾನೊಬ್ಬನೇ ಕಾರಣನಲ್ಲ. ಹಿಂದೆ ಕಟ್ಟಿದ್ದ ನನ್ನ ಎರಡೂ ಕೈಗಳನ್ನು ಗಿರಿಜ ಬಿಗಿಯಾಗಿ ಹಿಡಿದುಕೊಂಡಿದ್ದಳು.